ನಾಲ್ಕನೇ ಹಾಡಿನ ಹಿಂದಿನ ಸದ್ದು

ಅಕ್ತರ್ ಚಾಚಾ ಅಂಗಡಿ, ಶಿವಾಜಿನಗರ
ಶನಿವಾರ, ಬೆಳಿಗ್ಗೆ ಹತ್ತು ಗಂಟೆ

ನಂದಿ ಅಕ್ಕಾ, ಜೈಭೀಮ್.

ಚೆನ್ನಾಗಿದ್ದೀಯಾ? ಎಲ್ಲ ಕಾಗದಗಳೂ ಹೀಗೇ ಶುರುವಾಗುತ್ತವೆ, ಯಾರೂ ಉತ್ತರಕ್ಕೆ ಕಾಯುವುದಿಲ್ಲ. ಈ ಸಲ ನಾನು ಕಾಯುತ್ತೇನೆ. ರಿಮ್ಶಾ ಇದನ್ನು ನಿಮ್ಮ ಕಂಪನಿ ಕ್ಯಾಂಟೀನಿನಲ್ಲಿ ನಿನ್ನ ಕೈಗೆ ಕೊಟ್ಟ ಕೂಡಲೇ, ಓದುವುದಕ್ಕೂ ಮುಂಚೆ, ಅವಳಿಗೆ ‘ಹೂಂ, ಚೆನ್ನಾಗಿದ್ದೀನಿ’ ಅನ್ನು. ಅವಳು ಗೇಟಿಗೆ ಹೋಗಿ, ಸೆಕ್ಯುರಿಟಿ ಹತ್ತಿರ ಇಟ್ಟಿರುವ ಫೋನ್ ಕೇಳಿ ತೆಗೆದುಕೊಂಡು ನನಗೊಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಅಷ್ಟಾದರೆ ನನಗೆ ಉಸಿರು ಬರುತ್ತದೆ.

ಕೈಬರಹ ನನ್ನದೇ, ಸರಿಯಾಗಿ ನೋಡಿಕೋ. ಎರಡು ವರ್ಷದ ಹಿಂದೆ ಯಾರದೋ ನಂಬರಿನಿಂದ ‘ಸುಗತನಿಗೆ ಆಕ್ಸಿಡೆಂಟ್ ಆಗಿದೆ, ತಕ್ಷಣ ಬಾ’ ಎಂದು ಮೆಸೇಜ್ ಬಂದಾಗ ನೀನು ಚಪ್ಪಲಿಯನ್ನೂ ಮೆಟ್ಟದೆ ಕಂಟೋನ್ಮೆಂಟ್ ಸ್ಟೇಷನ್ನಿಗೆ ಓಡಿದ್ದೆ. ಅಲ್ಲಿ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಿನಗೆ ಕಂಡದ್ದು ವಸಂತ್ ಭಾವನ ಬೆನ್ನು. ಅವನು ತಿರುಗುವುದರೊಳಗೆ ವಾಪಸ್ ಓಡಿಬಂದೆ. ಅವತ್ತೇ ಸಿಮ್ ಮುರಿದು ಹಾಕಿದೆ, ಅವತ್ತೇ ಹೇಳಿದೆ: "ಇನ್ನ ಮ್ಯಾಲ ಫೋನಿನ ಮಾತು ನಾ ನಂಬಂಗಿಲ್ಲ. ನಿನ್ನ ಕೈಲೆ ಬರದದ್ದು ಕಂಡ್ರ ಏಳ್ತೀನಿ, ಇಲ್ಲಾಂದ್ರ ಕುಂತಲ್ಲೇ ಕುಂದರ್ತೀನಿ." ಅದಕ್ಕೇ ಈ ಕಾಗದ. ರಿಮ್ಶಾ ಬಾಯಲ್ಲಿ ಹೇಳಿ ಕಳಿಸಿದರೆ ನೀನು ಏಳುವುದಿಲ್ಲ, ನನಗೆ ಗೊತ್ತು.

ಬರೆಯುವ ಅಭ್ಯಾಸ ತಪ್ಪಿಹೋಗಿದೆ. ಬೈಯಪ್ಪನಹಳ್ಳಿಯ ರೂಮಿನಲ್ಲಿ ನಿದ್ದೆ ಬಾರದೆ ಫೋನಿಗೆ ಮಾತಾಡುತ್ತಲೇ ಇದ್ದೆ. ಯಾರಿಗೂ ಕಳಿಸದ ವಾಯ್ಸ್ ನೋಟುಗಳು, ಎಲ್ಲವೂ ‘ಅಕ್ಕಾ’ ಅಂತಲೇ ಶುರುವಾಗುತ್ತವೆ. ಈಗ ಒಂದೊಂದನ್ನೇ ಕಿವಿಗಿಟ್ಟುಕೊಂಡು ಕಾಗದಕ್ಕೆ ಇಳಿಸುತ್ತಿದ್ದೇನೆ. ಅಲ್ಲಲ್ಲಿ ಬರೀ ಉಸಿರಿದೆ. ಅದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ, ಬಿಟ್ಟಿದ್ದೇನೆ.

ಸುತ್ತಿ ಬಳಸುವುದಿಲ್ಲ. ಭಾವ ಬೆಂಗಳೂರಿನಲ್ಲಿದ್ದಾನೆ. ನಿನ್ನನ್ನು ಹುಡುಕುತ್ತಿದ್ದಾನೆ. ಅವನಿಗೆ ದಾರಿ ತೋರಿಸಿದ್ದು ನನ್ನ ಹಾಡು.

‘ಅವರು’ ಅಂತ ಬರೆಯಲು ಕೈ ಬರುತ್ತಿಲ್ಲ, ಬೈಯಬೇಡ.

ಆಲ್ಬಂ ಬಂದು ತಿಂಗಳಾಯಿತು ಅಂತ ನಿನಗೆ ಗೊತ್ತು. ಕಂಪನಿ ಬಸ್ಸಿನಲ್ಲಿ ರಿಮ್ಶಾ ಇಯರ್‌ಫೋನ್ ಕೊಟ್ಟು ಮೊದಲ ಮೂರು ಹಾಡು ಕೇಳಿಸಿದಳಂತೆ. ನಿನ್ನ ಬಲಗಿವಿಗೆ ಇಟ್ಟಳಂತೆ, ನೀನು ಕಿಟಕಿ ಕಡೆ ತಿರುಗಿ ಕೂತೆಯಂತೆ. ಅವಳು ನನಗೆ ಹೇಳಿದ್ದು: "ನಿಮ್ಮಕ್ಕ ಅಳ್ತಿದ್ರೋ ನಿದ್ದೆ ಮಾಡ್ತಿದ್ರೋ ಗೊತ್ತಾಗ್ಲಿಲ್ಲ ಅಣ್ಣ. ನಿಮ್ ಹಾಡಿಗೆ ಎರಡೂ ಒಂದೇ ಥರ." ನಾಲ್ಕನೆಯದನ್ನು ಕೇಳಿಸಬೇಡ ಅಂತ ಅವಳಿಗೆ ನಾನೇ ಹೇಳಿದ್ದೆ. ನೆಟ್ ಸರಿಯಿಲ್ಲ ಅನ್ನು ಅಂದಿದ್ದೆ. ಯಾಕೆ ಅಂತ ಈಗ ಹೇಳುತ್ತೇನೆ.

ನಿನಗೆ ಈ ಅಂಗಡಿ ಗೊತ್ತಿಲ್ಲ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಕಾಲು ಮುರಿದ ಮಂಚ, ಕನ್ನಡಿ ಇಲ್ಲದ ಡ್ರೆಸ್ಸಿಂಗ್ ಟೇಬಲ್, ಹಳೇ ಬಂಗಲೆಗಳಿಂದ ಬಂದ ಕುರ್ಚಿಗಳ ಮಧ್ಯೆ ಗೋಡೆಗೆ ಒತ್ತಿ ನಿಲ್ಲಿಸಿದ ಒಂದು ಪಿಯಾನೋ ಇದೆ. ಯಾರೂ ಕೊಳ್ಳುವುದಿಲ್ಲ, ಎರಡು ಕೀ ಸತ್ತಿವೆ. "ಹಲ್ಲು ಬಿದ್ದಿರೋ ಮುದುಕಿ ಕಣಪ್ಪಾ ಇದು," ಅನ್ನುತ್ತಾರೆ ಅಕ್ತರ್ ಚಾಚಾ, "ನಿನ್ ಹತ್ರ ಮಾತ್ರ ಹಾಡ್ತಾಳೆ. ನನ್ ಹತ್ರ ಬರೀ ಬೈತಾಳೆ." ಪಾರ್ಸೆಲ್ ಕೊಡಲು ಬಂದವನು ನಾನು, ಒಂದು ಕೀ ಒತ್ತಿದೆ, ಅವರು ಬೈಯಲಿಲ್ಲ. ಶುಕ್ರವಾರ ಅವರು ನಮಾಜಿಗೆ ಹೋಗುವಾಗ ಶಟರ್ ಮುಕ್ಕಾಲು ಇಳಿಸಿ ನನ್ನನ್ನು ಒಳಗೆ ಬಿಟ್ಟು ಹೋಗುತ್ತಾರೆ. ಆ ಒಂದೂವರೆ ಗಂಟೆ ಬೀದಿಯೇ ಸುಮ್ಮನಿರುತ್ತದೆ. ಎಂಟು ಹಾಡನ್ನೂ ಹಾಗೇ ಹಿಡಿದದ್ದು, ಶುಕ್ರವಾರದಿಂದ ಶುಕ್ರವಾರಕ್ಕೆ, ಆ ಎರಡು ಕೀ ತಪ್ಪಿಸಿಕೊಂಡು. ಬೆರಳು ಅಲ್ಲಿಗೆ ಹೋಗಿ ನಿಂತು ಪಕ್ಕಕ್ಕೆ ಸರಿಯುವುದೇ ನನ್ನ ಶೈಲಿ ಅಂತ ಜನ ಅಂದುಕೊಂಡಿದ್ದಾರೆ.

ಹಾಡುಗಳೆಲ್ಲ ನಮ್ಮ ಮನೆಯವೇ, ಅಕ್ಕ. ಭಾವನ ಜೊತೆಗಿದ್ದ ವಾಡಿಯ ಮನೆಯಲ್ಲಿ ನೀನು ಪಾತ್ರೆ ತೊಳೆಯುವಾಗಲೂ ಸದ್ದಾಗದಂತೆ ನಡುವೆ ಬಟ್ಟೆ ಇಟ್ಟು ಒಂದರೊಳಗೊಂದು ಜೋಡಿಸುತ್ತಿದ್ದದ್ದು ಎರಡನೆಯ ಹಾಡು. ನಾನು ಬಾಗಿಲ ಹಿಂದೆ ನಿಂತು ಏನೂ ಮಾಡದೆ ಇದ್ದದ್ದು ಮೂರನೆಯದು. ಯಾರ ಹೆಸರನ್ನೂ ಹಾಕಿಲ್ಲ. ಹೆಸರು ಹಾಕದಿದ್ದರೆ ಸಾಕು ಅಂದುಕೊಂಡಿದ್ದೆ.

ಇಂದಿರಾನಗರದಲ್ಲಿ ಪ್ರೇಮ್‌ಕುಮಾರ್ ಅಂತ ಇದ್ದಾನೆ. ಮನೆಯ ಮಹಡಿಯ ಒಂದು ರೂಮಿನ ಗೋಡೆಗೆಲ್ಲ ಹಾಸಿಗೆ ಹೊಡೆದು ಸ್ಟುಡಿಯೋ ಮಾಡಿಕೊಂಡಿದ್ದಾನೆ. ರೆಕಾರ್ಡ್ ಮಾಡಿದ್ದನ್ನು ತಿದ್ದಿ ಜೋಡಿಸಿದ್ದು ಅವನೇ. ಒಳ್ಳೆಯವನು, ಬಾಯಿ ಮಾತ್ರ ಜೋರು. ನಾಲ್ಕನೇ ಹಾಡಿನ ಮೊದಲ ಸಾಲು ಕೇಳಿ ತಲೆ ಚಚ್ಚಿಕೊಂಡ. "ಮಗಾ, ಮತ್ತೆ ಮಳೆ ಬಂತಾ? ಎಲ್ಲಾರ್ ಹಾಡಲ್ಲೂ ಮಳೆ ಬಂದು ಬಂದು ನನ್ ಸ್ಪೀಕರ್ ತುಕ್ಕು ಹಿಡೀತಿದೆ ಗುರು. ನಿನ್ ಹತ್ರ ನಿಜವಾದದ್ದು ಏನಿದೆ, ಅದನ್ನ ಹಾಕು."

ನನ್ನ ಹತ್ತಿರ ನಿಜವಾದದ್ದು ಇತ್ತು. ಕೆ.ಆರ್. ಪುರದ ನಿನ್ನ ಹಾಸ್ಟೆಲ್ ಟೆರೇಸಿನಲ್ಲಿ ಆ ಭಾನುವಾರ ಬೆಳಿಗ್ಗೆ ಹಿಡಿದದ್ದು.

ನೀನು ಬಟ್ಟೆ ಒಣಹಾಕುತ್ತಿದ್ದೆ. ನೆಗಡಿಯಾಗಿತ್ತು, ಮೂಗು ಕಟ್ಟಿತ್ತು. ಆದರೂ ಗುನುಗುತ್ತಿದ್ದೆ. ಎಷ್ಟು ವರ್ಷದ ಮೇಲೆ! ನಾನು ಫೋನನ್ನು ನೀರಿನ ಟ್ಯಾಂಕಿನ ಮೇಲಿಟ್ಟೆ. "ಏನ್ ಹಚ್ಚೀದಿ ಅದು?" ಅಂತ ಕೇಳಿದೆ ನೀನು. ಟೈಮ್ ನೋಡ್ತಿದ್ದೀನಿ ಅಂದೆ. ಸುಳ್ಳು. ಎರಡು ನಿಮಿಷ ಹತ್ತು ಸೆಕೆಂಡ್ ರೆಕಾರ್ಡ್ ಆಯಿತು. ನಿನ್ನ ದನಿ, ಬಟ್ಟೆ ಕೊಡವುವ ಸದ್ದು, ಸೇತುವೆ ಮೇಲಿನ ಗಾಡಿಗಳು, ರೈಲಿನ ಹಾರ್ನ್, ಸ್ವಲ್ಪ ಬಿಟ್ಟು ಮೇಲೆ ಮೆಟ್ರೋ ಬಂದು ನಿಂತು ಬಾಗಿಲು ತೆರೆಯುವ ಗಂಟೆ. ನಿನ್ನನ್ನು ಕೇಳದೆ ಅದನ್ನು ಪ್ರೇಮ್‌ಗೆ ಕೊಟ್ಟೆ. ಅವನು ಮಳೆಯ ಸಾಲನ್ನು ಅಳಿಸಿ ಇದನ್ನೇ ಮೊದಲಿಗೆ ಹಾಕಿದ.

ಹಾಡಿನ ಹೆಸರು ‘ಎರಡನೇ ಪಾಳಿ’. ಮೊದಲು ನಿನ್ನ ಗುನುಗು, ಅದರ ಕೆಳಗಿನಿಂದ ಮೆಲ್ಲಗೆ ಪಿಯಾನೋ ಬರುತ್ತದೆ. ಮಾತು ಹೀಗಿದೆ:

ಇಲ್ಲಿ ನನ್ನ ಹೆಸರು ಕೇಳುವವರಿಲ್ಲ,
ತೂಗುವ ಸೇತುವೆ ದಾಟಿ ಮನೆಗೆ ಬರುವೆ.

ನೀನೇ ಹೇಳಿದ್ದ ಮಾತು ಅದು, ಹಾಸ್ಟೆಲ್ ಹತ್ತಿರದ ತೂಗುಸೇತುವೆ. ನಾನು ಸ್ವಲ್ಪ ಉದ್ದ ಮಾಡಿದ್ದೇನೆ, ಅಷ್ಟೇ.

ಭಾವನ ಕಿವಿ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನನಗೆ ಹಾರ್ಮೋನಿಯಂ ಹೇಳಿಕೊಟ್ಟವನೇ ಅವನು. ನನ್ನ ಬೆರಳುಗಳನ್ನು ಹಿಡಿದು ಒಂದೊಂದೇ ಕಡೆ ಇಟ್ಟವನು. ಕಣ್ಣು ಮುಚ್ಚಿ ಕೂತು, ಮನೆ ಹಿಂದೆ ಹೋಗುವ ಗೂಡ್ಸ್ ಗಾಡಿಗೆ ಎಷ್ಟು ಡಬ್ಬಿ ಅಂತ ಸದ್ದಿನಲ್ಲೇ ಹೇಳುತ್ತಿದ್ದ. ನನಗಾಗ ಹನ್ನೆರಡು ವರ್ಷ, ನಾನು ಓಡಿಹೋಗಿ ಎಣಿಸಿ ಬಂದು ಚಪ್ಪಾಳೆ ತಟ್ಟುತ್ತಿದ್ದೆ. ನೀನು ತಟ್ಟುತ್ತಿರಲಿಲ್ಲ. ಮುಂದೆ ನೀನು ಸೇಡಂನಲ್ಲಿ ಚಿಕ್ಕವ್ವನ ಮನೆಗೆ ಹೋಗಿ ಅಡಗಿದ್ದಾಗ ಅವನ ಜೊತೆ ಫೋನಿನಲ್ಲಿ ಒಂದೇ ನಿಮಿಷ ಮಾತಾಡಿದ್ದೆ. ಎಲ್ಲಿದ್ದೀನಿ ಅಂತ ನೀನು ಹೇಳಿರಲಿಲ್ಲ. ಹಿಂದೆ ಹಿಟ್ಟಿನ ಗಿರಣಿ ತಿರುಗುತ್ತಿತ್ತು. ಮಾರನೆಯ ದಿನ ಅವನು ಬಾಗಿಲಲ್ಲಿದ್ದ. ಅವತ್ತು ಹೋದ ನಿನ್ನ ಎಡಗಿವಿ ಇವತ್ತಿಗೂ ವಾಪಸ್ ಬಂದಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಆ ಎರಡು ನಿಮಿಷವನ್ನು ಊರಿಗೆಲ್ಲ ಕೇಳಿಸಿದೆ.

ಗುರುವಾರ ನನಗೆ ಮೆಸೇಜ್ ಬಂತು. ಫೋಟೋ ಇಲ್ಲದ ಹೊಸ ಅಕೌಂಟು. ಹೆಸರಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

‘ನಾಲ್ಕನೇ ಹಾಡು ಛಲೋ ಮಾಡೀದಿ ಸುಗತ. ಪಿಯಾನೋಕಿಂತ ಮೊದಲ ಗುನುಗಿದಾಕಿ ಯಾರು? ಆಕಿಗಿ ನೆಗಡಿ ಆಗ್ಯಾದ. ಔಷಧ ಕೊಡಸು.’

ನಾನು ಪಾರ್ಸೆಲ್ ಚೀಲ ಹೊತ್ತುಕೊಂಡು ಹಲಸೂರಿನಲ್ಲಿ ಯಾರದೋ ಮನೆ ಮೆಟ್ಟಿಲ ಮೇಲೆ ನಿಂತಿದ್ದೆ. ಚೀಲ ಇಳಿಸಿ ಅಲ್ಲೇ ಕೂತೆ. ಮನೆಯವರು ಬಾಗಿಲು ತೆಗೆದು "ಏನ್ರೀ, ತಲೆ ಸುತ್ತಾ? ನೀರ್ ಬೇಕಾ?" ಅಂದರು. ಅಷ್ಟರಲ್ಲಿ ಎರಡನೆಯದು ಬಂತು.

‘ರೈಲಿನ ಹಾರ್ನ್ ಆದಮ್ಯಾಲ ಹನ್ನೆರಡು ಎಣಿಸಿದ್ರ ಮೆಟ್ರೋ ಬಾಗಿಲಿನ ಗಂಟಿ. ಎರಡೂ ಬಾಜೂಕ ಬಾಜೂಕ ಇರೋ ಜಾಗ ಭಾಳ ಇಲ್ಲ. ಹೊಸಾ ಹೆಡ್‌ಫೋನ್ ತಗೊಂಡೀನಿ.’

ಉತ್ತರ ಕೊಡಲಿಲ್ಲ. ಅವತ್ತೇ ಹಾಡನ್ನು ತೆಗೆಸಿಬಿಟ್ಟೆ. ಎಲ್ಲ ಕಡೆಯಿಂದ ಅಳಿದುಹೋಗಲು ಎರಡು ಮೂರು ದಿನ ಬೇಕಂತೆ. ಆದರೂ ಅವನ ಫೋನಿನಲ್ಲಿ ಇಳಿಸಿಕೊಂಡಿದ್ದರೆ ಅದನ್ನು ಯಾರೂ ಅಳಿಸಲಾರರು.

ನಿನ್ನೆ ಶುಕ್ರವಾರ. ಚಾಚಾ ಅಂಗಡಿಗೆ ಒಬ್ಬರು ಬಂದರಂತೆ. ಆಲ್ಬಮ್ಮಿನ ಕೆಳಗೆ ನಾನು ‘ಶಿವಾಜಿನಗರದ ಅಕ್ತರ್ ಚಾಚಾ ಮತ್ತು ಅವರ ಪಿಯಾನೋಗೆ ಧನ್ಯವಾದ’ ಅಂತ ಬರೆದಿದ್ದೆ. ದೊಡ್ಡ ಮನುಷ್ಯನ ಹಾಗೆ. ಅದನ್ನು ಹಿಡಿದು ಬಂದಿರಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲು ಮಾತು. ಪಿಯಾನೋ ನೋಡಬಹುದಾ ಅಂದರಂತೆ. ಕೂತು ಮೊದಲು ಆ ಎರಡು ಸತ್ತ ಕೀಗಳನ್ನೇ ಒತ್ತಿ ನೋಡಿ ನಕ್ಕರಂತೆ. ಆಮೇಲೆ ಬಾರಿಸಿದರಂತೆ.

"ನಿನ್ ಹಾಡೇ ಬೇಟಾ," ಅಂದರು ಚಾಚಾ. "ನಾಲ್ಕನೇದು. ಒಂದ್ ಕಡೆನೂ ತಪ್ಪಿಲ್ಲ. ನಿನಗಿಂತ ಚೆನ್ನಾಗಿ ಬಾರಿಸ್ತಾರೆ, ಬೇಜಾರ್ ಮಾಡ್ಕೋಬೇಡ."

ಬಾರಿಸುತ್ತಾ ಬಾರಿಸುತ್ತಾ, ಈ ಹುಡುಗ ಯಾವಾಗ ಬರ್ತಾನೆ, ಅವನ ಅಕ್ಕ ಇಲ್ಲಿಗೆ ಬರ್ತಾರಾ ಅಂತ ಕೇಳಿದರಂತೆ. ಚಾಚಾ ಸೋಮವಾರ ಬರ್ತಾನೆ ಅಂತ ಸುಳ್ಳು ಹೇಳಿ ಕಳಿಸಿದ್ದಾರೆ. ಯಾಕೆ ಸುಳ್ಳು ಹೇಳಿದ್ರಿ ಅಂತ ಕೇಳಿದೆ. "ನಲವತ್ತು ವರ್ಷದಿಂದ ಅಂಗಡಿ ಇಟ್ಟಿದ್ದೀನಿ. ಕೊಳ್ಳೋಕೆ ಬಂದವ್ನು ಮೊದಲು ಬೆಲೆ ಕೇಳ್ತಾನೆ, ಸುಮ್ನೆ ನೋಡೋಕೆ ಬಂದವ್ನು ಕೊನೇಲಿ ಕೇಳ್ತಾನೆ. ಇವ್ನು ಕೇಳ್ಲೇ ಇಲ್ಲ."

ರಿಮ್ಶಾ ತಮ್ಮ ಮಗಳು ಅಂತಾಗಲಿ, ನೀನು ಅವಳ ಜೊತೆ ಕೆಲಸ ಮಾಡುತ್ತೀ ಅಂತಾಗಲಿ ಚಾಚಾ ಬಾಯಿ ಬಿಟ್ಟಿಲ್ಲ. ನಾನು ಇವತ್ತು ಬೆಳಿಗ್ಗೆಯಷ್ಟೇ ಅವರಿಗೆ ಎಲ್ಲ ಹೇಳಿದ್ದು, ಆ ಮನುಷ್ಯ ಯಾರು, ನಿನ್ನ ಕಿವಿ ಏನಾಯಿತು, ಎಲ್ಲ. ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟು, "ಪೈಲೇ ಕೈಕು ನೈ ಬೋಲ್ಯಾ ರೇ?" ಅಂತ ಜೋರು ಮಾಡಿದರು. ಮುಂಚೆಯೇ ಯಾಕೆ ಹೇಳಲಿಲ್ಲ ಅಂತ. ಈಗ ಶಟರ್ ಅರ್ಧ ಇಳಿಸಿ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ನಾನು ಒಳಗೆ ಪಿಯಾನೋ ಮುಚ್ಚಳದ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಶಟರ್ ಕೆಳಗೆ ಕಾಲುಗಳು ಮಾತ್ರ ಕಾಣುತ್ತವೆ. ಯಾವುದಾದರೂ ಜೋಡಿ ಕಾಲು ನಿಂತರೆ ನನ್ನ ಪೆನ್ನೂ ನಿಲ್ಲುತ್ತದೆ. ಈಗೊಂದು ನಿಂತಿದೆ. ಪಾಲಿಶ್ ಮಾಡಿದ ಕರಿ ಶೂ.

ಹೋಯಿತು. ಯಾರೋ ಟೇಬಲ್ ಕೇಳಲು ಬಂದವರು. ಬೆಲೆ ಕೇಳಿದರು.

ಈಗ ಏನು ಮಾಡಬೇಕು ಅಂತ ಕೇಳು. ಅವನು ಇನ್ನೂ ಪಿಯಾನೋ ಹುಡುಕಿಕೊಂಡು ಬರುತ್ತಿದ್ದಾನೆ ಅಂದರೆ ಹಾಸ್ಟೆಲ್ ಅವನಿಗೆ ಸಿಕ್ಕಿಲ್ಲ. ಸದ್ದಿನಿಂದ ಕೆ.ಆರ್. ಪುರ ಅಂತ ಊಹಿಸಿದರೂ ಅಲ್ಲಿ ಲೇಡೀಸ್ ಹಾಸ್ಟೆಲ್ ಒಂದೆರಡಲ್ಲ. ಸಮಯ ಇದೆ. ಆದ್ದರಿಂದ ಗಾಬರಿ ಬೀಳಬೇಡ, ಇವತ್ತಿನ ಪಾಳಿ ಮುಗಿಸು. ಕಂಪನಿ ಬಸ್ಸಿನಲ್ಲೇ ಎಲ್ಲರ ಜೊತೆ ಹಾಸ್ಟೆಲಿಗೆ ಹೋಗು, ಇವತ್ತೊಂದು ರಾತ್ರಿ ಚಿಲಕ ಹಾಕಿಕೊಂಡು ಮಲಗು. ನಾಳೆ ಬೆಳಕು ಹರಿದ ಮೇಲೆ ಬಟ್ಟೆಬರೆ ಕಟ್ಟಿಕೊಂಡಿರು, ರಿಮ್ಶಾ ಬಂದು ಕರೆದುಕೊಂಡು ಹೋಗುತ್ತಾಳೆ. ಫ್ರೇಜರ್ ಟೌನಿನಲ್ಲಿ ಚಾಚಾ ತಂಗಿ ಶರ್ಫುನ್ನೀಸಾ ಅವರ ಮನೆ. ಒಂದು ರೂಮ್ ಖಾಲಿ ಇದೆ. ಗಂಡ ಇಲ್ಲ, ಎರಡು ಬೆಕ್ಕಿವೆ. ಯಾರು ಏನು ಅಂತ ಅವರು ಒಂದು ಮಾತೂ ಕೇಳಲಿಲ್ಲ. "ಖಾರ ತಿಂತಾರಾ?" ಅಂತ ಮಾತ್ರ ಕೇಳಿದರು. ನಮ್ಮ ಕಡೆಯವರು, ಹಸಿಮೆಣಸಿನಕಾಯಿ ಊಟದ ಜೊತೆ ಕಚ್ಚಿಕೊಂಡೇ ತಿಂತಾರೆ ಅಂದೆ. ಹಾಗಾದ್ರೆ ಬರ್ಲಿ ಅಂದರು. ದಾರಿಯಲ್ಲಿ ಏನಾದರೂ ಅನುಮಾನ ಬಂದರೆ ಪೊಲೀಸರ ನೂರಾ ಹನ್ನೆರಡಕ್ಕೆ ಫೋನ್ ಮಾಡಲು ರಿಮ್ಶಾಗೆ ಹೇಳಿದ್ದೇನೆ.

ನಾನು ಬರುವುದಿಲ್ಲ. ನನ್ನ ಹಿಂದೆ ಅವನ ಕಿವಿ ಇದ್ದರೆ ನಾನೇ ಅವನನ್ನು ನಿನ್ನ ಹತ್ತಿರ ಕರೆತಂದ ಹಾಗೆ. ಒಂದು ಸಲ ಕರೆತಂದದ್ದು ಸಾಕು.

ನೀನು ನನ್ನ ಮೇಲೆ ಸಿಟ್ಟಾಗು ಅಕ್ಕ. ಜೋರಾಗಿ ಸಿಟ್ಟಾಗು. ವಾಡಿಯಲ್ಲಿ ನಿನಗೆ ಅದಕ್ಕೂ ಅವಕಾಶ ಇರಲಿಲ್ಲ. ಆ ಹಾಡು ಬರೆದಾಗ ನಿನಗಾಗಿ ಬರೆಯುತ್ತಿದ್ದೇನೆ ಅಂದುಕೊಂಡಿದ್ದೆ, ಬುದ್ಧನಾಣೆ. ನೀನು ಯಾರಿಗೂ ಹೆದರದೆ ಗುನುಗಿದ ಎರಡು ನಿಮಿಷ ಎಲ್ಲಾದರೂ ಉಳಿಯಬೇಕು ಅನ್ನಿಸಿತ್ತು. ಅದು ಉಳಿಯಿತು. ನೀನು ಗುನುಗುವುದು ಉಳಿಯುತ್ತದೋ ಇಲ್ಲವೋ, ಅದನ್ನು ನಾನು ಯೋಚಿಸಲಿಲ್ಲ.

ರಿಮ್ಶಾ ಬುರ್ಖಾ ಹಾಕಿಕೊಂಡು ಬಂದು ನಿಂತಿದ್ದಾಳೆ. "ಅಣ್ಣ, ಪುಸ್ತಕ ಬರೀತಿದ್ದೀರಾ? ಬಸ್ ಮಿಸ್ ಆದ್ರೆ ಅರ್ಧ ದಿನ ಹೋಗುತ್ತೆ ನಂದು," ಅನ್ನುತ್ತಿದ್ದಾಳೆ. ಓದಿದ ಮೇಲೆ ಹರಿದು ಹಾಕು.

ನಿನ್ನ ತಮ್ಮ,
ಸುಗತ

ಮರೆತಿದ್ದಲ್ಲ, ಬರೆಯಲು ಆಗದೆ ಬಿಟ್ಟದ್ದು: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದ ಗುರುವಾರ ಮೊನ್ನೆಯದಲ್ಲ, ಅದರ ಹಿಂದಿನ ವಾರದ್ದು. ಚಾಚಾ ಅಂಗಡಿಗೆ ಅವನು ಬಂದದ್ದೂ ನಿನ್ನೆಯಲ್ಲ, ಕಳೆದ ಶುಕ್ರವಾರ. ಯಾರೋ ಹಾಡು ಮೆಚ್ಚಿದವರು ಅಂತ ಚಾಚಾಗೆ ಹೇಳಿ ಸುಮ್ಮನಾಗಿದ್ದೆ. ಹಾಡನ್ನು ಅವತ್ತೇ ತೆಗೆಯಲಿಲ್ಲ. ಅದೇ ವಾರ ಪ್ರೇಮ್ ಫೋನ್ ಮಾಡಿ, "ಮಗಾ, ನಾಲ್ಕನೇದು ಓಡ್ತಾ ಇದೆ, ಮುಟ್ಬೇಡ," ಅಂದಿದ್ದ. ದಿನಾ ಎದ್ದ ಕೂಡಲೇ ಎಷ್ಟು ಜನ ಕೇಳಿದರು ಅಂತ ನೋಡುತ್ತಿದ್ದೆ. ನಾಳೆ ತೆಗೆಯುತ್ತೇನೆ ಅಂತ ಪ್ರತಿದಿನ ಫೋನಿಗೆ ಹೇಳಿದ್ದೇನೆ. ಆ ನೋಟುಗಳನ್ನು ಈ ಕಾಗದಕ್ಕೆ ಇಳಿಸಲಿಲ್ಲ. ಮಂಗಳವಾರ ಭಾವನಿಂದ ಇನ್ನೊಂದು ಮೆಸೇಜ್ ಬಂತು: ‘ಕೆ.ಆರ್. ಪುರದಾಗ ರೂಮ್ ಹಿಡದೀನಿ. ಕಿಟಕಿ ತೆಗದ್ರ ನಿನ್ನ ಹಾಡೇ ಕೇಳಸ್ತದ.’ ಅದಾದ ಮೇಲೂ ನಾಲ್ಕು ದಿನ ಹಾಡು ಇತ್ತು. ಇವತ್ತು ಬೆಳಿಗ್ಗೆ ತೆಗೆದೆ. ಸಮಯ ಇದೆ ಅಂತ ಬರೆದದ್ದು ಸುಳ್ಳು, ಅಕ್ಕ. ಹಾಸ್ಟೆಲ್ ಕಡೆ ಹೋಗಬೇಡ, ನಾಳೆಯವರೆಗೂ ಕಾಯಬೇಡ, ಪಾಳಿ ಮುಗಿಯುವವರೆಗೂ ಕಾಯಬೇಡ. ಇದನ್ನು ರಿಮ್ಶಾಗೂ ಚಾಚಾಗೂ ಈಗಲೇ ಹೇಳುತ್ತೇನೆ. ಚಾಚಾ ಅವಳ ಜೊತೆಯಲ್ಲೇ ಆಟೋದಲ್ಲಿ ಬಂದು ಕಂಪನಿ ಗೇಟಿನಲ್ಲಿ ನಿಲ್ಲುತ್ತಾರೆ, ಅಲ್ಲಿಂದಲೇ ಅವರ ತಂಗಿ ಮನೆಗೆ ಹೋಗು. ಬಟ್ಟೆಬರೆ ಅಲ್ಲೇ ಇರಲಿ. ಇದು ನನ್ನ ಕೈಬರಹ. ಏಳು.